ಗಾಳಿಯನ್ನು ಅಳೆದವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ಬಂಗಾಳಕೊಲ್ಲಿಯಲ್ಲಿ ಮತ್ತೆ ವಾಯುಭಾರ ಕುಸಿತ, ಚಂಡಮಾರುತ ಆಗುವ ಸಾಧ್ಯತೆ ಅಂತ ಬಂದಿತ್ತು. ಗಾಳಿ ಗಂಟೆಗೆ ಇಷ್ಟು ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆ ಅಂತಲೂ ಇತ್ತು. ಓದಿದ ಮೇಲೆ ನನಗೆ ಒಂದೇ ಪ್ರಶ್ನೆ. ದಡದಿಂದ ಅಷ್ಟು ದೂರದ ನಡುಗಡಲಿನಲ್ಲಿ ಆ ಗಾಳಿಯನ್ನು ಅಳೆದವರು ಯಾರು? ಅದು ಅಳೆದ ವೇಗವಾ, ಮೋಡದ ಚಿತ್ರ ನೋಡಿ ಅಂದಾಜು ಮಾಡಿದ ವೇಗವಾ? ಸುದ್ದಿಯಲ್ಲಿ ಆ ಮಾತೇ ಇರಲಿಲ್ಲ.

ನಾನು ಸುಂಟಿಕೊಪ್ಪ ಹತ್ತಿರದ ಕಾಫಿ ಬೆಳೆಗಾರ. ಸಮುದ್ರ ನಮಗೆ ದೂರ, ನಿಜ. ಆದರೆ ನವೆಂಬರ್, ಡಿಸೆಂಬರ್ ಬಂತೆಂದರೆ ಇಲ್ಲಿ ಅರೇಬಿಕಾ ಕೊಯ್ಲು, ಕಣದ ತುಂಬ ಹಣ್ಣಿನ ಸಿಪ್ಪೆ ಸುಲಿದು ಒಣಹಾಕಿದ ಬೀಜ, ಅಂದರೆ ಪಾರ್ಚ್‌ಮೆಂಟ್, ಗದ್ದೆಯಲ್ಲಿ ಪುತ್ತರಿ ಹಬ್ಬದ ಕೊಯ್ಲಿಗೆ ಕಾಯುತ್ತಿರುವ ಭತ್ತ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚಾಗಿ ಏಳುವುದೂ ಇದೇ ಹೊತ್ತಿಗೆ. ಅಲ್ಲಿ ಏನಾದರೂ ಸುತ್ತಲು ಶುರುವಾಯಿತು ಅಂದರೆ ಇಲ್ಲಿ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ.

2024ರ ಫೆಂಗಲ್ ನೆನಪಿದೆ ಅಲ್ವಾ? ಅದು ಚಂಡಮಾರುತ ಆಗುವ ಮೊದಲೇ ಎಲ್ಲರ ಬಾಯಲ್ಲೂ ಅದರ ಹೆಸರಿತ್ತು. ನವೆಂಬರ್ 28ರ ಗುರುವಾರ, ಚಂಡಮಾರುತ ಆಗಲಿಕ್ಕಿಲ್ಲ, ತೀವ್ರ ವಾಯುಭಾರ ಕುಸಿತವಾಗಿಯೇ ದಡ ಸೇರುತ್ತದೆ ಅನ್ನುವ ಸುದ್ದಿ ಬಂತು. ಮರುದಿನ ಮಧ್ಯಾಹ್ನ ಅದು ಚಂಡಮಾರುತವೇ ಆಯಿತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿ, ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 48 ಸೆಂ.ಮೀ. ಮಳೆ.

ಗುರುವಾರ ಸಂಜೆ ನಮ್ಮ ತೋಟದ ರೈಟರ್, ಅಂದರೆ ಕೆಲಸದ ಮೇಲ್ವಿಚಾರಕರು, ಫೋನ್ ನೋಡಿಕೊಂಡು ಬಂದು, "ಸಾರ್, ಸೈಕ್ಲೋನ್ ಆಗಲ್ವಂತೆ, ಇನ್ನೆರಡು ದಿನ ಕೊಯ್ಸಿಬಿಡೋಣ ಅಲ್ವಾ" ಅಂದರು. ನಾನೂ ಹೂಂ ಅಂದೆ. ಶುಕ್ರವಾರ ಕೊಯ್ದಿದ್ದನ್ನು ರಾತ್ರಿಯೇ ಪಲ್ಪಿಂಗ್ ಮಾಡಿಸಿ (ಹಣ್ಣಿನ ಸಿಪ್ಪೆ ತೆಗೆಸಿ), ಶನಿವಾರ ಕಣಕ್ಕೆ ಹರಡಿಸಿದೆ. ಮಳೆ ಹಿಡಿದ ಮೇಲೆ ಟಾರ್ಪಾಲ್ ಮುಚ್ಚಿದ್ದು ಮುಚ್ಚಿದ ಹಾಗೇ ಇರಬೇಕಾಯಿತು. ಬಿಟ್ಟಾಗ ಎತ್ತಿ ನೋಡಿದರೆ ಒಳಗಿಂದ ಬಿಸಿ ಹಬೆ, ಹುಳಿ ವಾಸನೆ. ಕೈ ಹಾಕಿದರೆ ಬೀಜ ಅಂಟಂಟು, ಅಡಿಯಲ್ಲಿ ಬಿಳಿ ಬೂಷ್ಟು ಶುರುವಾಗಿತ್ತು. ಗಿಡದಲ್ಲಿದ್ದ ಹಣ್ಣೆಲ್ಲ ಬಿರಿದು ಬುಡಕ್ಕೆ ಉದುರಿತ್ತು. ತಪ್ಪು ನನ್ನದೇ. ಚಂಡಮಾರುತ ಆಗಲ್ಲ ಅಂದರೆ ಮಳೆ ಬರಲ್ಲ ಅಂತ ಅರ್ಥ ಮಾಡಿಕೊಂಡಿದ್ದೆ. ಚಂಡಮಾರುತ ಅನ್ನುವ ಹೆಸರು ಸಿಗುವುದು ಗಾಳಿಯ ವೇಗದ ಮೇಲೆ. ಮಳೆಗೂ ಅದಕ್ಕೂ ನೇರ ಸಂಬಂಧವೇ ಇಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಆಮೇಲೆ ಕೂತು ತಿಳಿದುಕೊಂಡೆ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 50ರಿಂದ 61 ಕಿ.ಮೀ. ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಒಂದು ಕಿಲೋಮೀಟರಿನ ಅಂತರ. ಆದರೆ ನಡುಗಡಲಿನಲ್ಲಿ ಇದನ್ನು ತೀರ್ಮಾನಿಸುವುದು ಹೆಚ್ಚಾಗಿ ಉಪಗ್ರಹದ ಚಿತ್ರದಿಂದ. ವೆರ್ನಾನ್ ಡ್ವೊರಾಕ್ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು. ಮೋಡ ಎಷ್ಟು ಸುತ್ತಿಕೊಂಡಿದೆ, ಹೇಗೆ ಸುತ್ತಿಕೊಂಡಿದೆ ಅಂತ ನೋಡಿ ಅಂಕ ಕೊಡುತ್ತಾರೆ. ಎರಡು ಅಂಕಕ್ಕೆ ಸುಮಾರು 55 ಕಿ.ಮೀ., ಎರಡೂವರೆಗೆ ಸುಮಾರು 65. ನಡುವೆ ಬೇರೆ ಅಂಕ ಇಲ್ಲ, ಆ 62 ಬರುವುದು ಅಲ್ಲೇ. ಇನ್ನು ಗಾಳಿ ನೋಡುವ ಉಪಗ್ರಹಗಳೂ ಇವೆ, ಆದರೆ ಅವು ಹಾದುಹೋದಾಗ ಮಾತ್ರ ನೋಡುತ್ತವೆ. ತೇಲಿಬಿಟ್ಟ ಉಪಕರಣವೋ ಹಡಗೋ ಸರಿಯಾದ ಜಾಗದಲ್ಲಿ ಇದ್ದರೆ ಪುಣ್ಯ. ದಡಕ್ಕೆ ಹತ್ತಿರ ಬಂದ ಮೇಲೆ ಚೆನ್ನೈ, ಕಾರೈಕಾಲ್ ರೇಡಾರ್‌ಗಳಿಗೆ ಸಿಗುತ್ತದೆ. ಇಷ್ಟರಲ್ಲೇ ನಮ್ಮ ವಿಜ್ಞಾನಿಗಳು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಅವರನ್ನು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಅವರಿಗೆ ಇನ್ನೊಂದು ಸಾಧನ ಕೊಡಿ ಅನ್ನುವುದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದವರು ವಿಮಾನ ಕಳಿಸುತ್ತಾರೆ. 1943ರ ಜುಲೈನಲ್ಲಿ ಜೋಸೆಫ್ ಡಕ್‌ವರ್ತ್ ಎಂಬ ಸೇನಾಧಿಕಾರಿ ತರಬೇತಿಯ ಸಣ್ಣ ವಿಮಾನದಲ್ಲಿ ಟೆಕ್ಸಾಸ್ ಹತ್ತಿರದ ಚಂಡಮಾರುತದ ಒಳಗೇ ಹೋಗಿ ಬಂದರು. ಅಲ್ಲಿಂದ ಶುರು. ಈಗ ಮಿಸಿಸಿಪಿಯ ಕೀಸ್ಲರ್ ವಾಯುನೆಲೆಯಲ್ಲಿ ಇದಕ್ಕೇ ಅಂತ ಒಂದು ದಳ ಇದೆ. ಇನ್ನೂ ಚಂಡಮಾರುತ ಆಗಿಲ್ಲ, ಆಗಬಹುದು ಅನ್ನುವ ಹಂತದಲ್ಲೂ ಅವರು ಹೋಗುತ್ತಾರೆ. ಆಗ ಕೆಲವೊಮ್ಮೆ 1,500 ಅಡಿಗಿಂತ ಕೆಳಗೇ ಹಾರುತ್ತಾರಂತೆ. ನಮ್ಮ ಮಡಿಕೇರಿ ಇರುವುದು ಸುಮಾರು 3,800 ಅಡಿ ಎತ್ತರದಲ್ಲಿ. ಅದರ ಅರ್ಧದಷ್ಟೂ ಇಲ್ಲ, ಕೆಳಗೆ ಕುದಿಯುವ ಸಮುದ್ರ. ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ.

ವಿಮಾನ ಗಾಳಿಯನ್ನು ಅಳೆಯುವ ರೀತಿ ನನಗೆ ಬಹಳ ಹಿಡಿಸಿತು. ಗಾಳಿಯ ಮಧ್ಯೆ ವಿಮಾನ ಎಷ್ಟು ವೇಗದಲ್ಲಿ ಯಾವ ಕಡೆ ಮೂತಿ ಮಾಡಿ ಹೋಗುತ್ತಿದೆ ಅನ್ನುವುದು ಅದಕ್ಕೆ ಗೊತ್ತು. ನೆಲದ ಲೆಕ್ಕದಲ್ಲಿ ನಿಜವಾಗಿ ಎತ್ತ ಹೋಯಿತು ಅಂತ ಜಿಪಿಎಸ್ ಹೇಳುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಗಾಳಿ. ಹೊಳೆ ದಾಟುವ ದೋಣಿ ಎದುರು ದಡಕ್ಕೆ ನೇರ ಹುಟ್ಟು ಹಾಕಿದರೂ ಕೆಳಗೆ ಹೋಗಿ ಮುಟ್ಟುತ್ತದಲ್ಲ, ಹಾಗೆ. ಸಮುದ್ರದ ಮೇಲಿನ ನೊರೆಯಿಂದ ಬರುವ ಮೈಕ್ರೋವೇವ್ ಹಿಡಿದು ನೀರಿನ ಮಟ್ಟದ ಗಾಳಿಯನ್ನೂ ಲೆಕ್ಕ ಹಾಕುತ್ತಾರೆ, ಗಾಳಿ ಜಾಸ್ತಿ ಆದಷ್ಟೂ ನೊರೆ ಜಾಸ್ತಿ. ಜೊತೆಗೆ ಪುಟ್ಟ ಪ್ಯಾರಾಚೂಟ್ ಕಟ್ಟಿದ ಕೊಳವೆಯೊಂದನ್ನು ಕೆಳಗೆ ಬಿಡುತ್ತಾರೆ. ಅದು ನೀರಿಗೆ ಬೀಳುವ ತನಕ ಒತ್ತಡ, ಶಾಖ, ತೇವ, ಗಾಳಿ ಎಲ್ಲವನ್ನೂ ಹೇಳುತ್ತಲೇ ಇಳಿಯುತ್ತದೆ.

ಈ ಅಂಕಿಗಳನ್ನು ಅವರು ಮುಚ್ಚಿಡುವುದೂ ಇಲ್ಲ. 30 ಸೆಕೆಂಡಿಗೆ ಒಂದು ಸಾಲು, 10 ನಿಮಿಷಕ್ಕೊಮ್ಮೆ 20 ಸಾಲು, ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಒಂದು ರಾತ್ರಿ ಫೋನಿನಲ್ಲಿ ತೋರಿಸಿದ. ವಿಮಾನ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿತ್ತು. ಮೊದಲು ಸಾಲು ಸಾಲೂ ಪೂರ್ವದ ಗಾಳಿ. ಆಮೇಲೆ ವೇಗ ಇಳಿಯುತ್ತಾ ಇಳಿಯುತ್ತಾ ಗಾಳಿಯೇ ಇಲ್ಲ ಅನ್ನುವಷ್ಟಕ್ಕೆ ಬಂತು. "ಚಿಕ್ಕಪ್ಪ, ಈಗ ನೋಡಿ, ಪಶ್ಚಿಮದ ಗಾಳಿ ಸಿಕ್ಕಿದರೆ ಇದು ಪೂರ್ತಿ ಸುತ್ತಿಕೊಂಡಿದೆ ಅಂತ ಅರ್ಥ, ಸಿಗದಿದ್ದರೆ ಸುಮ್ನೆ ಮೋಡದ ಗುಂಪು" ಅಂದ. ಮುಂದಿನ ಸಾಲುಗಳಲ್ಲಿ ದಿಕ್ಕು ತಿರುಗಿ ಪಶ್ಚಿಮ ಬಂತು. ನಾನು ಅಷ್ಟು ದೂರದ ಸಮುದ್ರದ ಗಾಳಿಯನ್ನು ಇಲ್ಲಿ ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದೆ. ನಮ್ಮದೇ ಬಂಗಾಳಕೊಲ್ಲಿಯ ಗಾಳಿಯನ್ನು ಹಾಗೆ ನೋಡಲು ನನಗೆ ಆಗುವುದಿಲ್ಲ.

ವಿಮಾನ ಇದ್ದರೆ ಎಲ್ಲವೂ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೊಗೆ ಬಡಿದ ಓಟಿಸ್ ಚಂಡಮಾರುತ ಇದಕ್ಕೆ ಉದಾಹರಣೆ. ಅಂದಾಜಿಗಿಂತ ಅದು ಬಹಳ ಬಲವಾಗಿದೆ ಅಂತ ತೋರಿಸಿದ್ದು ವಿಮಾನವೇ, ಆದರೆ ಅಷ್ಟು ಹೊತ್ತಿಗೆ ಉಳಿದಿದ್ದ ಸಮಯ ಬಹಳ ಕಡಿಮೆ. ಆದರೂ ನೋಡಿ, 2017ರ ಓಖಿ ನಮ್ಮ ಪಕ್ಕದಲ್ಲೇ ಆಗಿದ್ದು. ನವೆಂಬರ್ 29ರ ಬೆಳಿಗ್ಗೆ ವಾಯುಭಾರ ಕುಸಿತ, 30ರ ಬೆಳಿಗ್ಗೆ ಚಂಡಮಾರುತ. ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಕಡಲಿನಲ್ಲಿದ್ದರು, ಬಹಳ ಜನ ವಾಪಸ್ ಬರಲಿಲ್ಲ. ಅಂಥ ಕಡೆ ಆರು ಗಂಟೆ ಮೊದಲು ಗೊತ್ತಾದರೂ ಅದು ಸಣ್ಣ ವಿಷಯ ಅಲ್ಲ.

ನಮ್ಮ ದೇಶದಲ್ಲಿ ಆಗದ ಕೆಲಸವಾ ಇದು? ಕೀಸ್ಲರಿನ ದಳ ಹಾರಿಸುವುದು ಸಿ-130ಜೆ ವಿಮಾನ, ಹವಾಮಾನಕ್ಕೆಂದು ಉಪಕರಣ ಕೂರಿಸಿದ್ದು. ಅದೇ ಜಾತಿಯ ವಿಮಾನ 2011ರಿಂದ ನಮ್ಮ ವಾಯುಪಡೆಯಲ್ಲಿದೆ. ತೈವಾನ್‌ನಂಥ ಪುಟ್ಟ ನಾಡು 2003ರಿಂದ ವಿಮಾನದಲ್ಲಿ ಹೋಗಿ ಕೊಳವೆ ಬಿಡುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಹವಾಮಾನ ಮುನ್ಸೂಚನೆ ಸುಧಾರಿಸುವ ಯೋಜನೆಯಾದ ಮಿಷನ್ ಮೌಸಮ್‌ಗೆ 2,000 ಕೋಟಿ ರೂಪಾಯಿ ಒಪ್ಪಿತು. ರೇಡಾರ್ ಬರಲಿ, ಉಪಗ್ರಹ ಬರಲಿ, ಅವೂ ಬೇಕು. ಅವುಗಳ ಜೊತೆಗೆ ಒಂದೆರಡು ವಿಮಾನ, ನುರಿತ ಒಂದು ತಂಡ ಬೇಕು ಅಂತ ನಮ್ಮ ಸಂಸದರು ಕೇಳಬೇಕು. ಪಕ್ಷ ಯಾವುದಾದರೂ ಇರಲಿ. ಸೈನ್ಯಕ್ಕೆ, ವಾಯುಪಡೆಗೆ ಮಕ್ಕಳನ್ನು ಕಳಿಸಿದ ಜಿಲ್ಲೆ ನಮ್ಮದು, ಈ ಮಾತು ಕೊಡಗಿನಿಂದಲೇ ಮೊದಲು ಹೋದರೆ ನನಗೆ ಸಂತೋಷ.

ನಿಮ್ಮಿಂದಲೂ ಒಂದು ಸಹಾಯ ಬೇಕು. ವಾಯುಭಾರ ಕುಸಿತದ ಸುದ್ದಿ ಹಾಕುವಾಗ ಗಾಳಿಯ ವೇಗದ ಪಕ್ಕ, ಉಪಗ್ರಹದ ಅಂದಾಜು ಅಂತಲೋ, ಅಳೆದದ್ದು ಅಂತಲೋ ಎರಡು ಪದ ಸೇರಿಸಿ. ಮಳೆಯ ಮುನ್ಸೂಚನೆಯನ್ನು ಬೇರೆಯಾಗಿ, ಜಿಲ್ಲೆವಾರು ಕೊಡಿ. ಇಲ್ಲಿ ಪ್ರತಿಯೊಬ್ಬ ಬೆಳೆಗಾರನ ಅಂಗಳದಲ್ಲೂ ಮಳೆ ಮಾಪಕ ಇದೆ. ಬೆಳಿಗ್ಗೆ ಎದ್ದು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವುದು ನಮ್ಮ ಅಪ್ಪ, ಅಜ್ಜನ ಕಾಲದಿಂದ ಬಂದ ರೂಢಿ. ಅಂದಾಜಿಗೂ ಅಳತೆಗೂ ಇರುವ ವ್ಯತ್ಯಾಸ ನಮ್ಮ ಜನಕ್ಕೆ ವಿವರಿಸಿ ಹೇಳಬೇಕಾಗಿಲ್ಲ.

ಇದನ್ನು ಬರೆಯುವಾಗ ಕಣದಲ್ಲಿ ನಾಲ್ಕು ದಿನದ ಪಾರ್ಚ್‌ಮೆಂಟ್ ಇದೆ. ಬೆಳಿಗ್ಗೆಯಿಂದ ಗಾಳಿ ಉತ್ತರದ ಕಡೆಯಿಂದ ಬರುತ್ತಿದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಕಡೆಗೆ ವಾಯುಭಾರ ಕುಸಿತ ಇರುತ್ತದೆ ಅಂತ ಹಡಗಿನವರ ಹಳೆಯ ಲೆಕ್ಕ. ನಿಂತು ನೋಡಿದೆ, ಎಡಗೈ ಪೂರ್ವಕ್ಕೆ, ಬಂಗಾಳಕೊಲ್ಲಿಯ ಕಡೆಗೇ ಇತ್ತು. ಟಾರ್ಪಾಲ್ ಹೊರಗೆ ತೆಗೆಸಿದ್ದೇನೆ, ನಾಳೆಯ ಕೊಯ್ಲು ನಿಲ್ಲಿಸಲು ರೈಟರ್‌ಗೆ ಹೇಳಿದ್ದೇನೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸುಂಟಿಕೊಪ್ಪ, ಕೊಡಗು