ರಸಪ್ರಶ್ನೆ ಚೀಟಿಗಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಈ ಸಲದ ಶಾಲಾ ರಸಪ್ರಶ್ನೆಗೆ ಮಕ್ಕಳೇ ಪ್ರಶ್ನೆ ಬರೆಯುತ್ತಾರೆ. ವಿಷಯ: ಆಟ, ಸಂಗೀತ, ಕ್ರೀಡೆ, ಹವಾಮಾನ. ಒಬ್ಬೊಬ್ಬರಿಗೆ ಎರಡು ಚೀಟಿ. ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ, ಅದರ ಕೆಳಗೆ ‘ಯಾಕೆ’ ಎಂಬುದಕ್ಕೆ ಎರಡು ಸಾಲು. ಕಾರಣ ಬರೆಯದ ಚೀಟಿಯನ್ನು ವಾಪಸ್ ಕಳಿಸುತ್ತೇವೆ.

‘ಅತಿ ದೊಡ್ಡದು ಯಾವುದು, ದಾಖಲೆ ಯಾರದ್ದು’ ಎಂದಷ್ಟೇ ಕೇಳುವುದು ಬೇಡ. ದಾಖಲೆ ಮುರಿದ ಮರುದಿನವೇ ಪುಸ್ತಕದ ಉತ್ತರ ತಪ್ಪಾಗುತ್ತದೆ, ಆಮೇಲೆ ವೇದಿಕೆಯಲ್ಲೇ ಜಗಳ. ಅದನ್ನೇ ಹೀಗೆ ತಿರುಗಿಸಿ: 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದಾಗ ಗಾಳಿ ಎರಡು ರೀತಿಯಲ್ಲಿ ನೆರವಾಯಿತು, ಹೇಗೆ? ಆ ನಗರ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ತಡೆ ಕಡಿಮೆ. ಜೊತೆಗೆ ಬೆನ್ನ ಹಿಂದಿನ ಗಾಳಿಯ ವೇಗ ಸೆಕೆಂಡಿಗೆ 2.0 ಮೀಟರ್ ದಾಖಲಾಯಿತು. ನಿಯಮ ಒಪ್ಪುವ ಗರಿಷ್ಠ ಮಿತಿಯೂ ಅಷ್ಟೇ!

ಸಂಗೀತದಲ್ಲಿ ಮಕ್ಕಳು ಎಡವುವುದು ಕಾರಣ ಬರೆಯುವಾಗ. ಕೋಣೆ ಬಿಸಿಯಾದರೆ ಕೊಳಲಿನ ಶ್ರುತಿ ಏರುತ್ತದೆ, ಪಿಟೀಲಿನದ್ದು ಇಳಿಯುತ್ತದೆ. ‘ಬಿಸಿಗೆ ಕೊಳಲು ಹಿಗ್ಗುತ್ತದೆ, ಅದಕ್ಕೇ’ ಎಂದು ಬರೆದರೆ ತಪ್ಪು. ಕೊಳವೆ ಉದ್ದವಾದರೆ ಶ್ರುತಿ ಇಳಿಯಬೇಕಿತ್ತಲ್ಲ! ನಿಜವಾದ ಕಾರಣ ಒಳಗಿನ ಗಾಳಿ. ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಪಿಟೀಲಿನ ತಂತಿಯಾದರೆ ಬಿಸಿಗೆ ಸಡಿಲವಾಗುತ್ತದೆ.

ಗುಡುಗಿನ ಲೆಕ್ಕ ಮನೆಯೊಳಗಿದ್ದೇ ಮಾಡಲಿ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. 5ರಿಂದ ಭಾಗಿಸಿದರೆ ಬರುವುದು ಮೈಲಿ. ಇವೆರಡನ್ನೂ ಬೆರೆಸುವವರೇ ಹೆಚ್ಚು.

ದೊಡ್ಡ ತರಗತಿಯವರಿಗೆ ಫುಟ್‌ಬಾಲ್ ಪ್ರಶ್ನೆಯೊಂದಿದೆ. ಮೈದಾನದಲ್ಲಿ 22 ಆಟಗಾರರು, ಒಬ್ಬ ರೆಫರಿ. ಇವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಎಷ್ಟು? ಅರ್ಧಕ್ಕಿಂತ ತುಸು ಹೆಚ್ಚು. 23ನ್ನು 365ರಿಂದ ಭಾಗಿಸಿದರೆ ಲೆಕ್ಕ ಕೆಡುತ್ತದೆ. ಹೋಲಿಸಬೇಕಾದದ್ದು ಜೋಡಿಗಳನ್ನು, ಅವು 253. ಚಿಕ್ಕವರಿಗೆ ದಾಳ ಸಾಕು: ಮೇಲೆ 5 ಬಿದ್ದರೆ ತಳದಲ್ಲಿ 2, ಏಕೆಂದರೆ ಎದುರುಬದುರು ಮುಖಗಳ ಮೊತ್ತ 7.

ಚೀಟಿಯನ್ನು ದಯವಿಟ್ಟು ನೀವು ಬರೆದುಕೊಡಬೇಡಿ. ಬರೆದಾದ ಮೇಲೆ ‘ಇದಕ್ಕೆ ಇನ್ನೊಂದು ಉತ್ತರ ಇರಬಹುದೇ?’ ಎಂದು ಒಮ್ಮೆ ಕೇಳಿ. ಇರಬಹುದು ಅನ್ನಿಸಿದರೆ ಪ್ರಶ್ನೆಗೆ ಇಸವಿಯನ್ನೋ ಅಳತೆಯನ್ನೋ ಸೇರಿಸಿ ಬಿಗಿ ಮಾಡಲಿ. ಚೀಟಿಗಳು ಶುಕ್ರವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಬೇಕು.

ಇಂತಿ,
ಮುಖ್ಯ ಶಿಕ್ಷಕರು