ಶಿಲಾಯುಗದ ಕಾದಂಬರಿಯಲ್ಲಿ ಬೀಸುಕಲ್ಲು ತಿರುಗಬಾರದು

ಸಂಪಾದಕರಿಗೆ,

ಮಾನ್ಯರೇ,

ಇತಿಹಾಸಪೂರ್ವ ಕಾಲದ ಮೇಲೆ ಬರೆದ ಆರುನೂರು, ಏಳುನೂರು ಪುಟಗಳ ಕಾದಂಬರಿಗಳಿಗೆ ಬರುವ ವಿಮರ್ಶೆಗಳಲ್ಲಿ ‘ಆ ಕಾಲ ಕಣ್ಣಿಗೆ ಕಟ್ಟುತ್ತದೆ’ ಎಂಬ ಸಾಲು ತಪ್ಪುವುದಿಲ್ಲ. ಯಾವ ಕಾಲ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಸುಣ್ಣಕಲ್ಲು ಒಡೆದು ಆಯುಧ ಮಾಡಿದವರು ಸುಮಾರು 12 ಲಕ್ಷ ವರ್ಷ ಹಿಂದಿನವರು. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ, ದನ ಸಾಕಿ ಮಡಕೆ ಮಾಡಿದವರು ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನವರು. ಇಬ್ಬರನ್ನೂ ‘ಶಿಲಾಯುಗದವರು’ ಎಂದು ಒಂದೇ ಗಂಟಿನಲ್ಲಿ ಕಟ್ಟಿದರೆ ಓದುಗನಿಗೆ ಕಾದಂಬರಿಯ ಸರಿ ತಪ್ಪು ತೂಗುವ ತಕ್ಕಡಿಯೇ ಇರುವುದಿಲ್ಲ.

ಅಡುಗೆಯ ದೃಶ್ಯವನ್ನು ಮೊದಲು ಹುಡುಕಿ ಓದುವುದು ಒಳ್ಳೆಯದು. ಯುದ್ಧ, ಬೇಟೆ, ಪೂಜೆಗಳನ್ನು ಲೇಖಕ ಎಚ್ಚರದಿಂದ ಬರೆದಿರುತ್ತಾನೆ. ಎಡವುವುದು ಒಲೆಯ ಮುಂದೆ. ಹಳ್ಳೂರಿನಂಥ ದಕ್ಷಿಣದ ನವಶಿಲಾಯುಗದ (ದನ ಸಾಕಿ ಬೆಳೆ ಬೆಳೆದ, ಶಿಲಾಯುಗದ ಕೊನೆಯ ಘಟ್ಟದ) ನೆಲೆಗಳಲ್ಲಿ ಸುಟ್ಟು ಕರಿಯಾಗಿ ಉಳಿದ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ. ಜೋಳ ಆಫ್ರಿಕಾ ಮೂಲದ್ದು, ಅಂದಿನವರ ದಿನದ ಊಟ ಅದಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದದ್ದು. ಹಳ್ಳೂರಿನಿಂದ ಬ್ಯಾಡಗಿ ಬಹಳ ದೂರವೇನಲ್ಲ, ಆದರೆ ಅಲ್ಲಿ ಮೊದಲ ಒಲೆ ಹೊತ್ತಿದ ಮೇಲೆ ಬ್ಯಾಡಗಿ ಸೀಮೆ ಮೆಣಸಿನಕಾಯಿ ಕಾಣಲು ಮೂರು ಸಾವಿರಕ್ಕೂ ಹೆಚ್ಚು ವರ್ಷ ಬೇಕಾದವು. ಆದ್ದರಿಂದ ನಾಯಕಿ ರೊಟ್ಟಿ ಬಡಿದು ಕೆಂಪು ಚಟ್ನಿ ಅರೆದಳು ಎಂದು ಓದಿದರೆ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಅಂದಿನ ಮಡಕೆಯಲ್ಲಿ ನುಚ್ಚೋ ಅಂಬಲಿಯೋ ಕುದಿದಿದ್ದರೆ ಒಪ್ಪಬಹುದು.

ಅದೇ ಜಾಗದಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ: ಬೀಸುಕಲ್ಲು. ಎರಡು ದುಂಡು ಕಲ್ಲು, ನಡುವೆ ಗೂಟ, ಮೇಲೆ ಹಿಡಿ ಇರುವ, ತಿರುಗುವ ಬೀಸುಕಲ್ಲು ಬಹಳ ಈಚಿನದು. ನವಶಿಲಾಯುಗದ ಕಲ್ಲು ನಡುವೆ ಸವೆದು ತಗ್ಗಾದ ಉದ್ದನೆಯ ಹಾಸುಗಲ್ಲು. ಹೆಂಗಸು ಅದರ ಮುಂದೆ ಮೊಣಕಾಲೂರಿ, ಎರಡೂ ಕೈಯಲ್ಲಿ ಇನ್ನೊಂದು ಕಲ್ಲು ಹಿಡಿದು ಮುಂದಕ್ಕೆ ನೂಕಿ ಹಿಂದಕ್ಕೆ ಎಳೆಯಬೇಕು. ಭಾರವೆಲ್ಲ ಸೊಂಟ, ಮೊಣಕಾಲು, ಕಾಲ್ಬೆರಳಿನ ಮೇಲೆ. ತಿರುಗುವ ಕಲ್ಲಿನ ಲಯಕ್ಕೆ ಹುಟ್ಟಿದ ನಮ್ಮ ಬೀಸುವ ಪದಗಳನ್ನು ಅವಳ ಬಾಯಿಗೆ ಹಾಕಿದರೆ ಕೈ ಒಂದು ಕಡೆ, ಹಾಡು ಒಂದು ಕಡೆ.

ಕಲ್ಲಿನ ಕೊಡಲಿಯದೂ ಹೀಗೇ. ‘ಬೆಂಕಿಯ ಬೆಳಕಿನಲ್ಲಿ ಕೂತು ಒಂದು ರಾತ್ರಿಯಲ್ಲಿ ಕೊಡಲಿ ಮಾಡಿದ’ ಎಂಬುದು ನಂಬುವ ಮಾತಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡದಲ್ಲಿ ಕರಿಕಲ್ಲು ತೆಗೆದು ಕೊಡಲಿ ಮಾಡುತ್ತಿದ್ದ ಜಾಗವೇ ಇದೆ. ಮೊದಲು ಗುಂಡುಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಬೇಕು. ಆಮೇಲೆ ಉಬ್ಬುತಗ್ಗುಗಳನ್ನು ಸಣ್ಣ ಸಣ್ಣ ಪೆಟ್ಟಿನಿಂದ ಕುಟ್ಟಿ ಪುಡಿಯಾಗಿ ಉದುರಿಸಬೇಕು. ಕೊನೆಗೆ ಬಂಡೆಯ ಮೇಲೆ ತಿಕ್ಕಿ ಬಾಯಿ ಹರಿತ ಮಾಡಬೇಕು. ಹೀಗೆ ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ತಗ್ಗುಗಳು ಈಗಲೂ ಕಾಣುತ್ತವೆ. ಕೆಡುವುದು ಹೆಚ್ಚಾಗಿ ಮೊದಲ ಹಂತದಲ್ಲೇ. ಏಟಿನ ಕೋನ ತಪ್ಪಿದರೆ ಚಕ್ಕೆ ಕೊನೆತನಕ ಏಳದೆ ಅರ್ಧಕ್ಕೇ ಮುರಿದು ಮೆಟ್ಟಿಲು ಉಳಿಯುತ್ತದೆ. ಅದನ್ನು ತೆಗೆಯಲು ಜೋರಾಗಿ ಹೊಡೆದರೆ ಕಲ್ಲೇ ನಡುವೆ ಎರಡಾಗುತ್ತದೆ. ಪೂರ್ತಿಯಾದ ಕೊಡಲಿಯಷ್ಟೇ ಅಲ್ಲ, ಮುರಿದು ಬಿಸಾಕಿದ ತುಂಡುಗಳ ರಾಶಿಯೂ ಕಥೆಯೊಳಗೆ ಬಂದರೆ ಆ ಲೇಖಕ ಹೋಮ್‌ವರ್ಕ್ ಮಾಡಿದ್ದಾನೆ.

ಆದರೆ ಸಿಕ್ಕಸಿಕ್ಕಲ್ಲಿ ಗೆರೆ ಎಳೆಯುವುದೂ ಸರಿಯಲ್ಲ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಮೂಳೆಗಳಲ್ಲಿ ಕುದುರೆಯದೂ ಇದೆ ಎಂದು ಪ್ರಾಣಿಮೂಳೆಗಳ ತಜ್ಞ ಕೆ.ಆರ್. ಆಲೂರ ಗುರುತಿಸಿದರು. ಅಷ್ಟು ಹಿಂದೆ ಇಲ್ಲಿ ಕುದುರೆ ಇತ್ತೆಂದು ಒಪ್ಪದ ವಿದ್ವಾಂಸರಿದ್ದಾರೆ, ಚರ್ಚೆ ಮುಗಿದಿಲ್ಲ. ಕಾದಂಬರಿಯಲ್ಲಿ ಒಂದು ಕುದುರೆ ಕಂಡಿತೆಂದು ಪುಸ್ತಕ ಮುಚ್ಚಬೇಕಿಲ್ಲ. ಕಬ್ಬಿಣದ ವಿಷಯದಲ್ಲಿ ಇಷ್ಟು ಸಡಿಲ ಬೇಡ: ಅದೇ ಹಳ್ಳೂರಿನಲ್ಲಿ ಕಬ್ಬಿಣ ಕಾಣುವುದು ಮೇಲಿನ ಪದರದಲ್ಲಿ, ಕ್ರಿ.ಪೂ. 1000ದ ಆಸುಪಾಸಿಗೆ. ಬೂದಿದಿಬ್ಬ ಕಟ್ಟಿದ ದನಗಾಹಿಗಳ ಕೈಯಲ್ಲಿ ಕಬ್ಬಿಣದ ಕುಡಗೋಲು ಕೊಟ್ಟರೆ ಅದು ನೂರಾರು ವರ್ಷದ ತಪ್ಪು. ಬೂದಿದಿಬ್ಬ ಎಂದರೆ ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು ಆದ ಗುಡ್ಡೆ. ತೆಲಂಗಾಣದ ಉತ್ನೂರಿನ ದಿಬ್ಬದ ಪದರದಲ್ಲಿ ದನಗಳ ಗೊರಸಿನ ಗುರುತು ಅಚ್ಚೊತ್ತಿ ಉಳಿದಿದೆ. ಇಂಥದ್ದು ಕೈಯಳತೆಯಲ್ಲಿದ್ದೂ ನಮ್ಮ ಕಾದಂಬರಿಕಾರರು ಗುಹೆಯನ್ನೇ ಹಿಡಿದು ಕೂರುತ್ತಾರೆ!

ಯುರೋಪಿನ ಹಿಮಯುಗದ ಕಥೆಗಳ ಅನುವಾದಕ್ಕೆ ಅಳತೆಗೋಲು ಬೇರೆ. ಮ್ಯಾಮತ್ ಬೇಟೆಯಾಡುವ ಜನರ ಬಳಿ ಹಸು ಇಲ್ಲ, ಹಾಲಿಲ್ಲ. ಪ್ರಾಣಿಯ ಕೊಬ್ಬನ್ನು ‘ತುಪ್ಪ’ ಎಂದು ಅನುವಾದಿಸಿದರೆ ಹತ್ತು ಸಾವಿರ ವರ್ಷ ಒಂದೇ ಪದದಲ್ಲಿ ಹಾರಿಹೋಗುತ್ತದೆ.

ಓದುವ ಕ್ರಮದ ಬಗ್ಗೆ ಎರಡು ಮಾತು. ಇಂಥ ಪುಸ್ತಕವನ್ನು ಬಹಳ ಜನ ಅರವತ್ತನೇ ಪುಟದ ಹೊತ್ತಿಗೆ ಕೈಬಿಡಲು ಕಾರಣ ಹೆಸರುಗಳು. ಕಟ್ಟಿದ ಹೆಸರುಗಳು ಒಂದರಂತೆ ಒಂದು ಕೇಳಿಸುತ್ತವೆ. ಒಂದು ಹಾಳೆಯನ್ನು ಅಡ್ಡ ಹಿಡಿದು ಹೆಸರಿನ ಬದಲು ಬೆಡಗಿನ (ಕುಲದ) ಪ್ರಕಾರ ಗುಂಪು ಮಾಡಿ, ಹಿರಿಯರನ್ನು ಮೇಲೆ ಬರೆದು, ಕೆಳಗೆ ಮೂರು ತಲೆಮಾರಿಗೆ ಜಾಗ ಬಿಡಿ. ಮೊದಲ ಅರವತ್ತು ಪುಟಗಳನ್ನು ಎರಡೇ ಬೈಠಕ್ಕಿನಲ್ಲಿ ಮುಗಿಸಿ. ಪ್ರಯಾಣದ ಅಧ್ಯಾಯ ಬಂದಾಗ ಮೇಯುತ್ತ ಹೋಗುವ ದನದ ಹಿಂಡು ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ಸಾಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಹುಬ್ಬಳ್ಳಿಯಿಂದ ಗದಗಿನಷ್ಟು ದೂರಕ್ಕೆ ಐದಾರು ದಿನ. ಬೆಳಗಾಗುವುದರೊಳಗೆ ಮುಟ್ಟಿದರೆ ಅದು ಬಸ್ಸಿನ ಲೆಕ್ಕ.

ಪ್ರಕಾಶಕರು ಒಂದು ನಕಾಶೆ, ಒಂದು ಕಾಲಪಟ್ಟಿ, ಒಂದು ವಂಶವೃಕ್ಷ, ಹೀಗೆ ಮೂರು ಪುಟ ಸೇರಿಸಿದರೆ ಬೆಲೆ ಏರುವುದಿಲ್ಲ. ನಿಮ್ಮ ಪುರವಣಿಯ ವಿಮರ್ಶಕರೂ ಪುಸ್ತಕದ ಹೆಸರು, ಪುಟ, ಬೆಲೆಯ ಜೊತೆಗೆ ಕಥೆ ನಡೆಯುವ ಕಾಲ ಮತ್ತು ಸೀಮೆಯನ್ನು ಒಂದು ಸಾಲಿನಲ್ಲಿ ನಮೂದಿಸಲಿ.

– ಓದುಗ, ಧಾರವಾಡ