ಚೀಟಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಿ

ಮಾನ್ಯ ಸಂಪಾದಕರೇ,

‘ಮಾನವನ ಪೂರ್ವಜರೆಂಬುದು ಕಟ್ಟುಕಥೆ’ ಎಂಬ ತಲೆಬರಹದಲ್ಲಿ ತಾವು ನಿನ್ನೆ ಪ್ರಕಟಿಸಿದ ಉಪನ್ಯಾಸದ ವರದಿ ಓದಿ ತೀವ್ರ ಬೇಸರವಾಯಿತು. ಆ ಸಭೆಯಲ್ಲಿ ನಾನೂ ಇದ್ದೆ. ಹತ್ತು ಗಂಟೆಗೆಂದು ಕರೆದು, ಅಧಿಕಾರಿಗಳ ದಾರಿ ನೋಡುತ್ತಾ ಮಧ್ಯಾಹ್ನದವರೆಗೆ ಕಾಯಿಸಿ, ಫ್ಯಾನ್ ತಿರುಗದ ಸಭಾಂಗಣದಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಕುಡಿಯುವ ನೀರೂ ಇಲ್ಲದೆ ಕೂರಿಸಿದ್ದರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿ ಎಂದ ನಿರೂಪಕರು ನನ್ನ ಚೀಟಿಯನ್ನು ಓದಿ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಸಮಯದ ಅಭಾವವೆಂದು ವಂದನಾರ್ಪಣೆಗೆ ಕರೆದುಬಿಟ್ಟರು.

ಮಾನವ ಪೂರ್ವಜರದೆಂದು ಇಂಗ್ಲೆಂಡಿನಲ್ಲಿ ಮುಂದಿಟ್ಟ ಪಿಲ್ಟ್‌ಡೌನ್ ಬುರುಡೆ ಮೋಸವಾಗಿತ್ತು, ಲೂಸಿ ಎಂದು ಹೆಸರಿಟ್ಟ ಪಳೆಯುಳಿಕೆ ಬರೀ ಕೋತಿಯದು, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಆದ್ದರಿಂದ ಯಾವ ಪಳೆಯುಳಿಕೆಯೂ ನಮ್ಮ ಪೂರ್ವಜರದಲ್ಲ ಎಂಬುದು ಉಪನ್ಯಾಸಕರ ವಾದ. 1912ರ ಆ ಮೋಸವನ್ನು, ಮೂಳೆಯ ಫ್ಲೋರಿನ್ ಅಂಶ ಅಳೆದು, ಹಲ್ಲುಗಳನ್ನು ಅರದಿಂದ ಉಜ್ಜಿದ ಗುರುತು ತೋರಿಸಿ 1953ರಲ್ಲಿ ಬಯಲಿಗೆಳೆದವರು ವಿಜ್ಞಾನಿಗಳೇ ಎಂಬುದನ್ನು ಅವರು ಹೇಳಲಿಲ್ಲ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಿಂದಿನ ಲೂಸಿಯ ಮಿದುಳು ಚಿಕ್ಕದು, ನಿಜ. ಆದರೆ ಅವಳ ಸೊಂಟದ ಮೂಳೆ ಗಿಡ್ಡವಾಗಿ ಅಗಲವಾಗಿದೆ, ತೊಡೆಯ ಮೂಳೆ ಮಂಡಿಯ ಕಡೆಗೆ ಒಳಕ್ಕೆ ಓರೆಯಾಗಿದೆ. ಎರಡು ಕಾಲ ಮೇಲೆ ನಡೆಯುವ ಜೀವಿಯ ಲಕ್ಷಣವಿದು. ಪರದೆಯ ಮೇಲೆ ಅವರೇ ತೋರಿಸಿದ ಚಿತ್ರದಲ್ಲಿ ಈ ಓರೆ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು.

ಲೂಸಿಯ ಪ್ರಭೇದ ನಮ್ಮ ನೇರ ಪೂರ್ವಜವೇ ಅಥವಾ ಪಕ್ಕದ ಕವಲೇ ಎಂಬ ಚರ್ಚೆ ಇದೆ. ಮಧ್ಯಪ್ರದೇಶದ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ 1982ರಲ್ಲಿ ಪತ್ತೆ ಮಾಡಿದ ನರ್ಮದಾ ಬುರುಡೆ ಹೋಮೋ ಎರೆಕ್ಟಸ್ ಎಂಬ ಹಳೆಯ ಮಾನವ ಪ್ರಭೇದದ್ದೇ, ನಮ್ಮ ಸೇಪಿಯನ್ಸ್ ಪ್ರಭೇದದ ಆದಿಮ ರೂಪದ್ದೇ ಎಂಬುದೂ ಇತ್ಯರ್ಥವಾಗಿಲ್ಲ. ಹಳೆಯ ಫೋಟೋದಲ್ಲಿರುವವರು ಮುತ್ತಜ್ಜನೋ ಮುತ್ತಜ್ಜನ ತಮ್ಮನೋ ಎಂದು ಮನೆಯವರು ವಾದಿಸಿದ ಮಾತ್ರಕ್ಕೆ ಆ ಮನೆತನವೇ ಇರಲಿಲ್ಲ ಎಂದಾಗುವುದಿಲ್ಲ. ಅಳಿದುಹೋದ ಮಾನವ ಬಳಗವಾದ ನಿಯಾಂಡರ್ತಾಲರಿಗೂ ನಮಗೂ ಸಂಬಂಧವೇ ಇಲ್ಲ ಎಂದ ಉಪನ್ಯಾಸಕರಿಗೆ, ನಿಯಾಂಡರ್ತಾಲರ ಡಿಎನ್‌ಎ ಶೇ 1ರಿಂದ 2ರಷ್ಟು ಆ ಸಭಾಂಗಣದಲ್ಲಿ ಕುಳಿತವರ ಮೈಯಲ್ಲೂ ಇದೆಯೆಂಬುದು, 2010ರಲ್ಲೇ ನಿಯಾಂಡರ್ತಾಲರ ಜೀನೋಮ್ (ಡಿಎನ್‌ಎಯ ಪೂರ್ಣ ನಕ್ಷೆ) ಪ್ರಕಟವಾಗಿದ್ದರೂ, ತಿಳಿದಿಲ್ಲವೇ?

ನನ್ನ ಚೀಟಿಯಲ್ಲಿದ್ದುದು ಒಂದೇ ಪ್ರಶ್ನೆ. ನಮ್ಮ ಪ್ರಭೇದದ್ದೆಂದು ಹೇಳಲಾಗುವ ಅತ್ಯಂತ ಹಳೆಯ ಪಳೆಯುಳಿಕೆಗಳು ಮೊರಾಕ್ಕೊದ ಜೆಬೆಲ್ ಇರ್ಹೂದ್‌ನವು, ಸುಮಾರು 3 ಲಕ್ಷ ವರ್ಷದವು. ನಮ್ಮ ರಾಜ್ಯದ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಮಾಡಿದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷವೆಂದು ಕಾಲನಿರ್ಣಯವಾಗಿದೆ. ನಮಗಿಂತ ಮೊದಲು ಮನುಷ್ಯಕುಲದವರು ಯಾರೂ ಇರಲಿಲ್ಲವಾದರೆ ಅವನ್ನು ಮಾಡಿದವರು ಯಾರು?

ವೇದಿಕೆಯಲ್ಲಿದ್ದ ಅಧಿಕಾರಿಗಳಲ್ಲಿ ಒಬ್ಬರಾದರೂ ಇದನ್ನು ಕೇಳಬಹುದಿತ್ತು. ಕೇಳುವ ಅಭ್ಯಾಸವೇ ಇವರಿಗೆ ತಪ್ಪಿಹೋಗಿದೆ. ಡಾರ್ವಿನ್ ಸಿದ್ಧಾಂತ ತಪ್ಪೆಂದು 2018ರಲ್ಲಿ ಕೇಂದ್ರದ ಸಚಿವರೇ ಹೇಳಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಖಂಡಿಸಿದವು. ಇಲ್ಲಿನ ಕಚೇರಿಗಳಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ಹೊರಬಿದ್ದಾಗಲೂ ಹಾಗೆಯೇ. ನಾನು ಸೇವೆಯಲ್ಲಿದ್ದಾಗ ಶಾಲೆಗೆ ಬುರುಡೆಗಳ ಮಾದರಿ ಬೇಕೆಂದು ಕೊಟ್ಟ ಮನವಿಗಳಿಗೆ ಅನುದಾನವಿಲ್ಲವೆಂಬ ಉತ್ತರ ಬರುತ್ತಿತ್ತು. ಈ ಸಭೆಯ ಶಾಲು, ಹಾರ, ಫ್ಲೆಕ್ಸ್‌ಗಳಿಗೆ ಅನುದಾನ ಎಲ್ಲಿಂದ ಬಂತು?

ಇಂಥ ಉಪನ್ಯಾಸಗಳಿಗೆ ಶಾಲೆಯ ಮಕ್ಕಳನ್ನು ಕರೆತರುವುದನ್ನು ಅಧಿಕಾರಿಗಳು ಕೂಡಲೇ ನಿಲ್ಲಿಸಬೇಕು. ಕರೆತಂದರೆ ವಿಷಯ ಬಲ್ಲವರನ್ನೂ ವೇದಿಕೆಗೆ ಕರೆಸಬೇಕು. ತಮ್ಮ ಪತ್ರಿಕೆಯೂ ಅಂಥ ತಲೆಬರಹ ಕೊಡುವ ಮೊದಲು ಒಬ್ಬ ವಿಜ್ಞಾನಿಯನ್ನಾದರೂ ವಿಚಾರಿಸಬೇಕಿತ್ತು. ಮಕ್ಕಳಿಗೆ ಸುಳ್ಳು ಹೇಳಿಸಿ, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

— ನಿವೃತ್ತ ವಿಜ್ಞಾನ ಶಿಕ್ಷಕ